ಗಾಡಿಗೆ ಹೇರುವ ಮುನ್ನ

ಮಗಳೇ,

ಸ್ಕಾರ್ಪಿಯೋ ಕೊಂಡ ವಿಷಯ ನಿನ್ನಮ್ಮ ಫೋನಿನಲ್ಲಿ ಹೇಳಿದಳು. 2012ರ ಮಾಡೆಲ್, ಎಂಹಾಕ್ ಎಂಜಿನ್, ಫೋರ್ ವೀಲ್ ಡ್ರೈವ್. ಒಳ್ಳೆಯದನ್ನೇ ಆರಿಸಿದ್ದೀರಿ. 2002ರಿಂದ ಊರೂರಲ್ಲಿ ಓಡುತ್ತಿರುವ ಗಾಡಿ ಅದು. ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತದೆ, ಅದನ್ನು ಬಿಚ್ಚಿ ಕಟ್ಟಿ ಗೊತ್ತಿರುವ ಮೇಸ್ತ್ರಿಯೂ ಸಿಗುತ್ತಾನೆ. ಊರಾಚೆಯ ದಾರಿ ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಮಕ್ಕಳಿಬ್ಬರನ್ನೂ ಅತ್ತೆಯವರನ್ನೂ ಕೂರಿಸಿಕೊಂಡು, ಡಾಂಬರು ಮುಗಿದ ಮೇಲೂ ಮುಂದೆ ಹೋಗಬೇಕೆಂಬ ನಿಮ್ಮ ಆಸೆ ಕೇಳಿ ಸಂತೋಷವಾಯಿತು.

ಆದರೆ ನೀನು ಕಳಿಸಿದ ಪಟ್ಟಿ ನನಗೆ ಒಪ್ಪಿಗೆಯಾಗಲಿಲ್ಲ. ಕಬ್ಬಿಣದ ಬಂಪರ್, ವಿಂಚ್, ಮೇಲೊಂದು ಕ್ಯಾರಿಯರ್, ಅದರ ಮೇಲೆ ಬಿಚ್ಚಿಕೊಳ್ಳುವ ಟೆಂಟ್, ಗಾಡಿ ಎತ್ತರಿಸುವ ಕಿಟ್, ದೊಡ್ಡ ಟೈರು, ಉದ್ದನೆಯ ಎಲ್‌ಇಡಿ ಲೈಟು. ಇದರಲ್ಲಿ ಹೆಚ್ಚಿನದು ಹೇರುವುದೇ. ಹಳೆಯ ಗಾಡಿಗೆ ಏನನ್ನು ಕಟ್ಟಿದರೂ ಆ ಭಾರವನ್ನು ಅದರ ಬ್ರೇಕು, ಶಾಕ್ ಅಬ್ಸಾರ್ಬರ್, ಬುಷ್‌ಗಳು ಹೊರಬೇಕು. ಅವುಗಳಿಗೂ ಗಾಡಿಯಷ್ಟೇ ವಯಸ್ಸಾಗಿದೆ ಎನ್ನುವುದನ್ನು ಪಟ್ಟಿ ಬರೆಯುವಾಗ ನೀವು ನೆನೆದಂತೆ ಕಾಣಲಿಲ್ಲ.

ಮೊದಲು ಲೆಕ್ಕ ಹಾಕು. ಆರ್.ಸಿ.ಯಲ್ಲಿ ಗಾಡಿಯ ಖಾಲಿ ತೂಕ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಎಷ್ಟಕ್ಕೆ ಮೀರಬಾರದು ಎನ್ನುವುದು ಕಂಪನಿ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಇಂಥ ಗಾಡಿಗಳಲ್ಲಿ ಇವೆರಡರ ನಡುವಿನ ಅಂತರ ಸುಮಾರು ಆರೇಳು ನೂರು ಕೆ.ಜಿ. ನಿಮ್ಮ ಐದು ಜನರದೇ 235 ಹಿಡಿ. ಬಂಪರ್, ವಿಂಚ್ ಸೇರಿ 80, ಕ್ಯಾರಿಯರ್ 35, ಟೆಂಟ್ 60. ನೀರು 40 ಲೀಟರ್ ಎಂದರೆ 40 ಕೆ.ಜಿ. ಒಲೆ, ಸಿಲಿಂಡರ್, ಪಾತ್ರೆ, ಹಾಸಿಗೆ, ಬಟ್ಟೆ, ಟೂಲ್ಸ್ ಎಲ್ಲ ಕೂಡಿ 120. ಒಟ್ಟು 570 ಆಯಿತು. ದೊಡ್ಡ ಟೈರಿನ ಹೆಚ್ಚುವರಿ ತೂಕ ಇನ್ನೂ ಸೇರಿಸಿಲ್ಲ. ದಾರಿಯಲ್ಲಿ ಕೊಂಡ ಹಲಸಿನಹಣ್ಣು, ಅತ್ತೆಯವರ ತವರಿಂದ ಬಂದ ಅಕ್ಕಿಮೂಟೆ ಅಂತೂ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಇಷ್ಟು ಹೇರಿದ ಗಾಡಿ ಮನೆ ಗೇಟು ದಾಟುವ ಮೊದಲೇ ತನ್ನ ಮಿತಿಯ ಹತ್ತಿರ ಬಂದಿರುತ್ತದೆ.

ಅಂದಾಜು ಸಾಲದು, ತೂಗಿಸು. ಲಾರಿ ತೂಗುವ ವೇಬ್ರಿಡ್ಜ್ ಎಲ್ಲ ಕಡೆ ಇದೆ, ಖರ್ಚೂ ಅಷ್ಟಿಲ್ಲ. ಮೊದಲು ಟ್ಯಾಂಕ್ ತುಂಬಿಸಿ, ಸಾಮಾನು ಇಲ್ಲದೆ ತೂಗಿಸು. ಪ್ರವಾಸಕ್ಕೆ ಹೊರಡುವ ದಿನ ಎಲ್ಲರೂ ಕೂತು, ಎಲ್ಲವನ್ನೂ ತುಂಬಿ ಇನ್ನೊಮ್ಮೆ ತೂಗಿಸು. ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ತೂಕ ಬರೆಸಿಕೊ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಹಿಂದಿನ ಚಕ್ರಗಳ ಮೇಲಿನ ಭಾರ ಸಿಗುತ್ತದೆ. ಡಿಕ್ಕಿಗೆ ತುಂಬಿದ್ದೆಲ್ಲ ಹಿಂದಿನ ಆಕ್ಸಲ್ ಮೇಲೆ ಬಿದ್ದು ಮುಂಭಾಗ ಹಗುರಾದರೆ ತಿರುವಿನಲ್ಲಿ ಸ್ಟೇರಿಂಗ್ ಹಿಡಿತ ಕಡಿಮೆಯಾಗುತ್ತದೆ. ಆ ಚೀಟಿಗಳು ಕೈಗೆ ಬಂದಾಗ ಪಟ್ಟಿಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ನೀನೇ ಗೀಚುತ್ತೀಯ.

ತೂಕದ ಬಗ್ಗೆ ಇಷ್ಟು ಒತ್ತಿ ಹೇಳುವುದು ನಮ್ಮ ಘಾಟಿಗಳ ಕಾರಣಕ್ಕೆ. ಆಗುಂಬೆ ಇಳಿಯುವಾಗ, ಬಾಳೆಬರೆ ಇಳಿಯುವಾಗ ಬ್ರೇಕ್ ತುಳಿದೇ ಇಟ್ಟುಕೊಂಡು ಬರುವವರನ್ನು ನೋಡಿದ್ದೇನೆ. ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಬಿಸಿಯಾದಾಗ ಒಳಗೆ ಆವಿ ಎದ್ದು ಪೆಡಲ್ ಮೆತ್ತಗೆ ಕೆಳಗಿಳಿದುಬಿಡುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎನ್ನುವ ಹಳೇ ಡ್ರೈವರುಗಳ ಮಾತನ್ನು ಬಿಡಬೇಡಿ. ಇನ್ನೂರು ಕೆ.ಜಿ. ಹೆಚ್ಚು ಹೊತ್ತ ಗಾಡಿ ಆ ಮಾತನ್ನೂ ಕಷ್ಟಕ್ಕೆ ಸಿಲುಕಿಸುತ್ತದೆ.

ಹಾಗಾದರೆ ದುಡ್ಡನ್ನು ಎಲ್ಲಿಗೆ ಹಾಕುವುದು ಎಂದರೆ ಮೊದಲ ಕಂತು ಪೂರ್ತಿ ಗಾಡಿಯ ಅಡಿಗೆ. ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ದು ಎತ್ತಿಸಿ, ಕೈಯಲ್ಲಿ ಟಾರ್ಚ್ ಹಿಡಿದು ನೀನೂ ಕೆಳಗೆ ನಿಲ್ಲು. ಚಾಸಿಯ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಬಾ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದ ಕಡೆ ದನಿ ಸತ್ತಿರುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡು. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಟಕಟಕ ಎಂದರೆ ಬಾಲ್ ಜಾಯಿಂಟೋ ಬೇರಿಂಗೋ ಸವೆದಿದೆ. ಎಡ ಬಲ ಅಲುಗಿಸಿದಾಗ ಎಂದರೆ ಟೈ ರಾಡ್ ಎಂಡ್. ಬುಷ್‌ಗಳ ರಬ್ಬರ್ ಬಿರುಕು ಬಿಟ್ಟಿದೆಯೇ, ಶಾಕ್ ಅಬ್ಸಾರ್ಬರ್ ಮೈಯಲ್ಲಿ ಎಣ್ಣೆ ಜಿನುಗಿದೆಯೇ, ಬ್ರೇಕ್ ಹೋಸ್ ಉಬ್ಬಿದೆಯೇ, ಗೇರ್ ಬಾಕ್ಸ್ ಮತ್ತು ಎರಡೂ ಡಿಫರೆನ್ಷಿಯಲ್‌ನ ಸೀಲು ಒದ್ದೆಯಾಗಿದೆಯೇ, ಎಲ್ಲ ಕಣ್ಣಾರೆ ನೋಡು. ರೇಡಿಯೇಟರ್ ಹೋಸನ್ನು ಗಾಡಿ ತಣ್ಣಗಿದ್ದಾಗ ಹಿಸುಕು; ಮೆತ್ತಗೆ ಕುಸಿದರೂ ಗಡುಸಾಗಿ ಒಡೆಯುವಂತಿದ್ದರೂ ಹೊಸದು ಹಾಕಿಸು.

ಇವನ್ನೆಲ್ಲ ಕಂಪನಿಯ ಮೂಲ ಅಳತೆಗೇ ಹೊಸದಾಗಿ ಹಾಕಿಸಿದ ದಿನ ಗಾಡಿ ಓಡಿಸಿ ನೋಡು. ಎತ್ತರಿಸುವ ಕಿಟ್ ಬೇಕು ಎನ್ನಿಸಿದ್ದು ಅರ್ಧಕ್ಕರ್ಧ ಸೋತ ಸ್ಪ್ರಿಂಗು, ಸತ್ತ ಶಾಕ್ ಅಬ್ಸಾರ್ಬರ್‌ಗಳಿಂದ ಎಂದು ಆಗ ಗೊತ್ತಾಗುತ್ತದೆ. ಎತ್ತರಿಸಿದರೆ ಗಾಡಿಯ ಭಾರವೂ ಮೇಲೇರುತ್ತದೆ, ಮುಂದಿನ ಆಕ್ಸಲ್ ಜಾಯಿಂಟುಗಳು ಓರೆಯಾಗಿ ಬೇಗ ಸವೆಯುತ್ತವೆ, ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಮಂಡಿನೋವಿನ ಅತ್ತೆಯವರು ಈಗಲೇ ಹತ್ತಲು ಕಷ್ಟಪಡುತ್ತಿರಬೇಕು. ಅವರಿಗೆ ಬೇಕಾದದ್ದು ಕಾಲಿಡಲು ಗಟ್ಟಿ ಫುಟ್‌ಸ್ಟೆಪ್ಪು, ಕೈಗೆ ಸಿಗುವ ಹಿಡಿ. ಅದನ್ನು ಮೊದಲು ಮಾಡಿಸು.

ಟೈರಿಗೆ ಮಾತ್ರ ಕೈ ಬಿಗಿ ಹಿಡಿಯಬೇಡ. ಒಳ್ಳೆಯ ಆಲ್ ಟೆರೇನ್ ಟೈರು ಐದು ಕೊಳ್ಳು; ಸ್ಟೆಪ್ನಿಯೂ ಅದೇ ಆಗಿರಲಿ. ಅಳತೆ ದೊಡ್ಡದು ಮಾಡುವ ಮೊದಲು ಗಣಿತ ನೋಡು. ಈಗಿನ 235/70 ಆರ್ 16ರ ಎತ್ತರ ಸುಮಾರು 735 ಮಿ.ಮೀ. 245/75 ಆರ್ 16 ಹಾಕಿದರೆ 774. ನಿನಗೆ ನೆಲದಿಂದ ಸಿಗುವ ಹೆಚ್ಚುವರಿ ಎತ್ತರ ಎರಡು ಸೆಂ.ಮೀ.ಗೂ ಕಡಿಮೆ. ಪ್ರತಿಯಾಗಿ ಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ, ಚಡಾವಿನಲ್ಲಿ ಎಳೆತ ಸೋಲುತ್ತದೆ, ಬ್ರೇಕಿನ ಕೆಲಸ ಹೆಚ್ಚುತ್ತದೆ. ಮೂಲ ಅಳತೆಯೇ ಸಾಕು. ಟೈರಿನ ಮಗ್ಗುಲಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಆಳವಾಗಿ ಕಂಡರೂ ಆರೇಳು ವರ್ಷದ ಟೈರನ್ನು ಮಕ್ಕಳನ್ನು ಕೂರಿಸುವ ಗಾಡಿಗೆ ಇಟ್ಟುಕೊಳ್ಳಬೇಡ.

ದುಡ್ಡಿಲ್ಲದೆ ಆಗುವ ಅಪ್‌ಗ್ರೇಡ್ ಎಂದರೆ ಗಾಳಿ. ಡಾಂಬರಿನಲ್ಲಿ 32, 33 ಇಟ್ಟಿದ್ದನ್ನು ಜಲ್ಲಿ, ಜಂಬಿಟ್ಟಿಗೆ ಕಲ್ಲಿನ ದಾರಿಗೆ ಇಳಿದಾಗ 25ಕ್ಕೆ ತಂದು ನೋಡು. ಗಾಡಿಯೊಳಗಿನ ಕುಲುಕಾಟ ಅಲ್ಲೇ ತಗ್ಗುತ್ತದೆ, ಮಕ್ಕಳ ವಾಂತಿಯೂ ಕಡಿಮೆಯಾಗುತ್ತದೆ. ಮರಳಿನಲ್ಲಿ 18ರವರೆಗೂ ಇಳಿಸಬಹುದು. ಹಾಗಿದ್ದಾಗ ವೇಗ ಬೇಡ, ಸ್ಟೇರಿಂಗ್ ಗಕ್ಕನೆ ತಿರುಗಿಸುವುದು ಬೇಡ. ಡಾಂಬರು ಬರುತ್ತಿದ್ದಂತೆ ಮತ್ತೆ ತುಂಬಿಸಲೇಬೇಕು. ಅದಕ್ಕೆ ಬ್ಯಾಟರಿಗೆ ಕ್ಲಿಪ್ ಹಾಕುವ ಕಂಪ್ರೆಸರ್, ನಂಬುವಂಥ ಗೇಜ್, ಪಂಕ್ಚರ್ ಕಿಟ್ ಇರಲಿ. ವಿಂಚಿನ ದುಡ್ಡಿನಲ್ಲಿ ಇವೆಲ್ಲ ಬಂದು ಇನ್ನೂ ಮಿಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಆ ಕಾಲದ ಎಷ್ಟೋ ಗಾಡಿಗಳಂತೆ ನಿನ್ನದರಲ್ಲೂ ಹಿಂದೆ ಎದುರುಬದುರು ಕೂರುವ ಸೀಟುಗಳಿವೆ. ಮಕ್ಕಳಿಗೆ ಅಲ್ಲಿ ಕೂತು ಆಡುವುದೆಂದರೆ ಇಷ್ಟ. ಬಿಡಬೇಡ. ಅಡ್ಡ ಕೂತ ದೇಹಕ್ಕೆ ಬೆಲ್ಟ್ ಇಲ್ಲ, ತಲೆಗೆ ಆಸರೆಯಿಲ್ಲ, ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲ ಪೆಟ್ಟು ಆ ಜಾಗಕ್ಕೇ. ಆ ಸೀಟುಗಳನ್ನು ಮಡಚಿಬಿಡು, ಅದು ಸಾಮಾನಿನ ಜಾಗ. ಮಕ್ಕಳು ಎರಡನೇ ಸಾಲಿನ ಎರಡು ಕಿಟಕಿಗೆ, ವಯಸ್ಸಿಗೆ ತಕ್ಕ ಚೈಲ್ಡ್ ಸೀಟಿನಲ್ಲಿ. ಹಳೇ ಗಾಡಿಯಾದ್ದರಿಂದ ಬೆಲ್ಟಿನಿಂದ ಕಟ್ಟುವ ನಮೂನೆಯದು ನೋಡಿ ತಾ. ಅತ್ತೆಯವರು ಮುಂದೆ ಕೂರಲಿ. ನಿಮ್ಮಿಬ್ಬರಲ್ಲಿ ಓಡಿಸದವರು ಮಕ್ಕಳ ನಡುವೆ ಕೂರಿ. ಇಕ್ಕಟ್ಟಾಗುತ್ತದೆ, ಆದರೂ ಹಾಗೇ. ನಡುವಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ ಇದ್ದರೆ ಮಗುವನ್ನು ಅಲ್ಲಿ ಕೂರಿಸಲೇಬೇಡ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದು ಕಾನೂನೂ ಹೇಳುತ್ತದೆ. ನಾನು ಹೇಳುತ್ತಿರುವುದು ದಂಡದ ಹೆದರಿಕೆಗಲ್ಲ.

ಡಿಕ್ಕಿಯ ಸಾಮಾನು ಎಲ್ಲವನ್ನೂ ಕಟ್ಟಿರಬೇಕು. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಮರಕ್ಕೆ ಹೊಡೆದು ನಿಂತರೆ ಹಿಂದಿಟ್ಟ ಕುಕ್ಕರ್ ನಿಲ್ಲುವುದಿಲ್ಲ, ಅದೇ 50ರಲ್ಲಿ ಮುಂದಕ್ಕೆ ಬರುತ್ತದೆ. ಎದುರಿಗಿರುವುದು ಮಗುವಿನ ತಲೆ. ಎರಡನೇ ಸಾಲಿನ ಹಿಂದೆ ಬಿಗಿಯಾದ ಬಲೆಯನ್ನೋ ಜಾಲರಿಯನ್ನೋ ಹಾಕಿಸು. ಭಾರದವು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡು. ಹಾಸಿಗೆ ಬಟ್ಟೆ ಮೇಲೆ. ಡೀಸೆಲ್ ಕ್ಯಾನ್ ಗಾಡಿಯೊಳಗೆ ಬೇಡವೇ ಬೇಡ. ನಿನ್ನ ಟ್ಯಾಂಕಿಗೆ 60 ಲೀಟರ್ ಹಿಡಿಯುತ್ತದೆ, ಲೀಟರಿಗೆ ಹತ್ತು ಸಿಕ್ಕರೂ 600 ಕಿ.ಮೀ. ನಮ್ಮ ರಾಜ್ಯದಲ್ಲಿ ಅಷ್ಟು ದೂರ ಬಂಕ್ ಸಿಗದ ದಾರಿ ಇಲ್ಲ.

ಕಬ್ಬಿಣದ ಬಂಪರ್ ಬಗ್ಗೆ ಅಳಿಯಂದಿರಿಗೆ ಆಸೆ ಇದ್ದಂತಿದೆ. ಅವರಿಗೆ ಬೇಸರವಾಗದಂತೆ ಹೇಳು. ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತು. ದಾರಿಹೋಕರಿಗೆ ತಗುಲಿದರೆ ಅದು ಕೊಲ್ಲುತ್ತದೆ, ಪೆಟ್ಟಿನ ಬಲವನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ, ಗಾಳಿಚೀಲ ಬಿಚ್ಚಿಕೊಳ್ಳುವ ಹೊತ್ತನ್ನೂ ತಪ್ಪಿಸಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಎಂದಾಯಿತು. ನಿನ್ನ ಗಾಡಿಗೆ 2027ಕ್ಕೆ 15 ವರ್ಷ ತುಂಬುತ್ತದೆ, ಮರುನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಆ ದಿನ ಬಂಪರ್ ಬಿಚ್ಚಿಟ್ಟು ಮಾರನೇ ದಿನ ಮತ್ತೆ ಹಾಕಿಸುವ ಬದುಕು ನಿಮಗೆ ಬೇಡ. ಅಪಘಾತವಾದರೆ ಇನ್ಶೂರೆನ್ಸಿನವರೂ ಇದನ್ನೇ ಹಿಡಿದು ಕೂರುತ್ತಾರೆ. ಕ್ಯಾರಿಯರ್ ಹಾಕಿಸುವುದಿದ್ದರೂ ಆರ್‌ಟಿಒದಲ್ಲಿ ವಿಚಾರಿಸಿಯೇ ಮುಂದುವರಿ.

ವೈರಿಂಗ್ ಕೆಲಸ ಚಿಕ್ಕದಾದರೂ ಹುಷಾರು. ಹಳೇ ಗಾಡಿಗಳು ಸುಟ್ಟುಹೋಗುವುದಕ್ಕೆ ಕೊರೆದು ಸೇರಿಸಿದ ವೈರೇ ಎಷ್ಟೋ ಸಲ ಕಾರಣ. ಉದ್ದನೆಯ ಲೈಟು ಬಿಡು. ಕಂಪನಿಯ 60/55 ವ್ಯಾಟ್ ಬಲ್ಬಿಗೇ ರಿಲೇ ಹಾಕಿಸಿ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಸಿದರೆ ಬೆಳಕು ಹೆಚ್ಚುವುದು ಕಣ್ಣಿಗೆ ಕಾಣುತ್ತದೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಡ್ರೈವರ್ ಸೀಟಿನಿಂದ ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಗಾಡಿ ಹೂತರೆ ಏನು ಮಾಡುವುದು ಎಂದು ಕೇಳಿದ್ದೀಯ. ಇಳಿದು ನೋಡುವುದು. ಚಕ್ರ ತಿರುಗಿಸುತ್ತ ಹೋದರೆ ಆಕ್ಸಲ್‌ವರೆಗೂ ಇಳಿಯುತ್ತದೆ. ಗುದ್ದಲಿಯಿಂದ ಚಕ್ರದ ಮುಂದಿನ ಮಣ್ಣು ತೆಗೆ, ಗಾಳಿ ಇಳಿಸು, ಜಾಕಿಯ ಕೆಳಗೆ ಹಲಗೆ ಇಟ್ಟು ಎತ್ತಿ, ಚಕ್ರದಡಿಗೆ ಕಲ್ಲು ಸೊಪ್ಪು ತುಂಬು. ಹೆಚ್ಚಿನ ಸಲ ಇಷ್ಟಕ್ಕೇ ಬರುತ್ತದೆ. ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಚಾಸಿಗೆ ಬೋಲ್ಟ್ ಹಾಕಿದ ಗಟ್ಟಿ ಕೊಂಡಿಗೇ ಹಗ್ಗ ಕಟ್ಟಬೇಕು. ಟ್ರೈಲರ್ ಎಳೆಯುವ ಗುಂಡುಕೊಂಡಿಗೆ ಹಗ್ಗ ಸಿಕ್ಕಿಸಿ ಜಗ್ಗಿದಾಗ ಅದು ಮುರಿದು ಹಾರಿ, ಗಾಜು ಸೀಳಿ ಒಳಗಿದ್ದವರನ್ನು ಕೊಂದ ಘಟನೆಗಳು ಆಸ್ಟ್ರೇಲಿಯಾದಲ್ಲಿ ನಡೆದಿವೆ. ಕಬ್ಬಿಣದ ಸರಪಳಿಯಿಂದ ಎಳೆಸಬೇಡ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ, ಮಕ್ಕಳನ್ನೂ ನೋಡಲು ನೆರೆದವರನ್ನೂ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಕಳಿಸಿದ ಮೇಲೆಯೇ ಎಳೆಯಲು ಹೇಳು.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವು ಬರುವುದು ನಮ್ಮ ಮಳೆಗಾಲ ನೋಡಲು. ನೀನು ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸಬೇಡ. ಮಳೆಗಾಲದಲ್ಲಿ ಕೆಂಪಗೆ ಹರಿಯುವ ಹಳ್ಳ ಕಂಡರೆ ನಡೆದು ನೋಡುವ ಸಾಹಸವೂ ಬೇಡ, ತಿರುಗಿಸಿಕೊಂಡು ಬಾ. ಎಂಜಿನ್ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಬಾನೆಟ್ ತೆಗೆದು ಅಳೆದಿಟ್ಟುಕೊ. ಅಲ್ಲಿಂದ ನೀರು ಒಳಗೆ ಹೋದರೆ ಪಿಸ್ಟನ್ನಿಗೆ ಅದನ್ನು ಒತ್ತಲಾಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು, ಎಳೆಸಿ ದಡಕ್ಕೆ ತರಿಸಬೇಕು. ಬಿಸಿಯಾದ ಡಿಫರೆನ್ಷಿಯಲ್ ನೀರಿಗಿಳಿದು ತಣ್ಣಗಾದಾಗ ಉಸಿರುನಳಿಕೆಯಿಂದಲೋ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಆ ನಳಿಕೆಗೆ ಪೈಪು ಸೇರಿಸಿ ಬಾನೆಟ್ ಎತ್ತರಕ್ಕೆ ತರಿಸುವುದು ಅತಿ ಅಗ್ಗದ, ಅತಿ ಉಪಯೋಗದ ಕೆಲಸ. ಹಳ್ಳ ದಾಟಿದ ವಾರದಲ್ಲಿ ಆಯಿಲ್ ಬಿಚ್ಚಿ ನೋಡು. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ಬದಲಿಸು. ಸುಮ್ಮನೆ ಆಟಕ್ಕೆ ಹಳ್ಳದೊಳಗೆ ಗಾಡಿ ಓಡಿಸುವುದನ್ನು ಮಾತ್ರ ಮಾಡಬೇಡಿ. ಕೆಳಗಿನ ಮನೆಯವರು ಅದೇ ನೀರಿಗೆ ಪೈಪ್ ಹಾಕಿಕೊಂಡು ಕುಡಿಯುತ್ತಾರೆ.

ಫೋರ್ ವೀಲ್ ಗುಬುಟನ್ನು ಒಣ ಡಾಂಬರಿನಲ್ಲಿ ತಿರುಗಿಸಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ವೇಗ ಬೇರೆಯಾಗಿ ಒಳಗಿನ ಗೇರುಗಳು ಬಿಗಿದುಕೊಳ್ಳುತ್ತವೆ. ಆದರೆ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಕೆಲವು ಕಿ.ಮೀ. ಹಾಕಿ ಓಡಿಸು. ಬಳಸದೆ ಇಟ್ಟದ್ದು ಬೇಕಾದ ದಿನ ಕೈಕೊಡುತ್ತದೆ. ಕಡಿದಾದ ಇಳಿಜಾರಿನಲ್ಲಿ 4ಎಲ್, ಒಂದನೇ ಗೇರು, ಕಾಲು ಕ್ಲಚ್ಚಿನಿಂದ ದೂರ.

ಇದನ್ನು ಕಲಿಯಲು ಕೊಡಚಾದ್ರಿಗೆ ಹೋಗು. ನಿನ್ನ ಗಾಡಿ ಕೆಳಗೆ ಬಿಟ್ಟು ಅಲ್ಲಿಯ ಜೀಪಿನಲ್ಲಿ ಹೋಗು. ಅದು ಅವರ ಹೊಟ್ಟೆಪಾಡಿನ ದಾರಿ. ಮುಂದಿನ ಸೀಟು ಕೇಳಿ ಪಡೆದು, ಹೊರಗಿನ ನೋಟ ಬರುವಾಗ ನೋಡಿದರಾಯಿತು ಎಂದುಕೊಂಡು, ಹೋಗುವಾಗ ಡ್ರೈವರನ ಕಾಲು ಕೈಗಳನ್ನೇ ನೋಡು. ಎಕ್ಸಲೇಟರ್ ಎಷ್ಟು ಕಡಿಮೆ ಒತ್ತುತ್ತಾನೆ, ಗುಂಡಿಗೆ ಚಕ್ರವನ್ನು ಬೀಳಿಸದೆ ಹೇಗೆ ಇಳಿಸುತ್ತಾನೆ, ಕಲ್ಲನ್ನು ಹೊಟ್ಟೆಯಡಿಗೆ ತಂದುಕೊಳ್ಳದೆ ಚಕ್ರದ ಮೇಲೆಯೇ ಹೇಗೆ ಹತ್ತಿಸುತ್ತಾನೆ ಎಂದು. ಹೆಬ್ಬೆರಳನ್ನು ಸ್ಟೇರಿಂಗ್ ಒಳಗೆ ಸುತ್ತುವುದಿಲ್ಲ, ಗಮನಿಸು. ಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ತಿರುಗಿ ಬೆರಳು ಮುರಿಯುತ್ತದೆ. ದುಬಾರಿ ಸಾಮಾನು ಒಂದೂ ಇಲ್ಲದ ಹಳೇ ಜೀಪಿನಲ್ಲಿ ಆತ ಅಷ್ಟು ಜನರನ್ನು ಮೇಲೆ ಮುಟ್ಟಿಸುತ್ತಾನೆ.

ಮೊದಲ ದೂರದ ಪ್ರವಾಸಕ್ಕೆ ಲಡಾಖ್ ಎಂದೆಯಲ್ಲ, ಈ ವರ್ಷ ಬೇಡ. ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಮಲಪ್ರಭೆಯ ಆಸುಪಾಸಿನ ಹಳ್ಳಿದಾರಿಗಳಲ್ಲಿ ಓಡಾಡಿ. ಅಲ್ಲಿ ಮಸಾರಿ ನೆಲ ಎಲ್ಲಿ ಮುಗಿಯುತ್ತದೆ, ಎರೆ ಎಲ್ಲಿ ಶುರುವಾಗುತ್ತದೆ ಎಂದು ಮಕ್ಕಳಿಗೂ ತೋರಿಸು. ನವಲಗುಂದ, ನರಗುಂದದ ಕಡೆಯ ಎರೆಹೊಲದ ದಾರಿ ಬೇಸಿಗೆಯಲ್ಲಿ ಡಾಂಬರಿಗಿಂತ ನುಣುಪು. ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ತುಂಬಿ ಗಾಡಿಯನ್ನೇ ನಿಲ್ಲಿಸಿಬಿಡುತ್ತದೆ. ಯಾವ ಫೋರ್ ವೀಲ್ ಡ್ರೈವೂ ಅಲ್ಲಿ ನಡೆಯದು. ನಿಂತು ಬಿಸಿಲಿಗೆ ಕಾಯಬೇಕು, ಊರೊಳಗೆ ಕೇಳಿದರೆ ಕಾಯಲು ಕಟ್ಟೆಯೂ ರೊಟ್ಟಿಯೂ ಸಿಗುತ್ತವೆ. ನಮ್ಮ ಕಡೆಯ ಜಂಬಿಟ್ಟಿಗೆ ದಾರಿಯ ಸ್ವಭಾವವೇ ಬೇರೆ: ಗಟ್ಟಿಯಾಗಿ ಕಾಣುತ್ತದೆ, ಮೇಲೆ ಪಾಚಿ ಕಟ್ಟಿದ್ದರೆ ಜಾರುತ್ತದೆ.

ಕಾಡಿನ ದಾರಿಗೆ ಅದರ ಹೊತ್ತಿದೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಇಲ್ಲ. ಅದಕ್ಕೆ ತಕ್ಕಂತೆ ಹೊರಡಿ. ಘಟ್ಟದ ತಲೆಯ ಹುಲ್ಲುಗಾವಲಿಗೆ ಗಾಡಿ ಹತ್ತಿಸಬೇಡಿ, ಚಕ್ರದ ಗುರುತು ಮುಂದಿನ ಮಳೆಗೆ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ. ತೋಟದ ದಾರಿ ಕಂಡರೆ ಮನೆಯವರನ್ನು ಕೇಳಿ ಮುಂದೆ ಹೋಗಿ. ಕೇಳಿದವರನ್ನು ಇಲ್ಲಿ ಯಾರೂ ಹಿಂದಕ್ಕೆ ಕಳಿಸುವುದಿಲ್ಲ, ಹೆಚ್ಚಾಗಿ ಕಾಫಿ ಕುಡಿಸಿಯೇ ಕಳಿಸುತ್ತಾರೆ.

ದಸರಾ ರಜೆಗೆ ಎಲ್ಲರೂ ಇಲ್ಲಿಗೆ ಬನ್ನಿ. ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಒಂದು ಇಡೀ ದಿನ ಬಿಡುವು ಮಾಡಿಕೊಳ್ಳಲು ಹೇಳಿದ್ದೇನೆ. ಆತ ಬಿಚ್ಚುವಾಗ ನೀನೂ ಅಳಿಯಂದಿರೂ ಪಕ್ಕದಲ್ಲಿರಬೇಕು. ಬರುವಾಗ ಆರ್.ಸಿ., ಇನ್ಶೂರೆನ್ಸ್, ಹಿಂದಿನ ಮಾಲೀಕರು ಕೊಟ್ಟ ಸರ್ವಿಸ್ ಬಿಲ್ಲುಗಳು, ಕಂಪನಿಯ ಪುಸ್ತಕ ತಾ. ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಡೀಸೆಲ್ ಫಿಲ್ಟರ್ ಒಂದೊಂದು ಹೆಚ್ಚು ಕೊಂಡಿರು, ಬೆಂಗಳೂರಿನಲ್ಲಿ ಒಳ್ಳೆಯವು ಸಿಗುತ್ತವೆ. ಬಂಪರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸು.

ನಿನ್ನ ಮಾವ